ಅಜ್ಜನ ಕಾಲದ ಸಾಗುವಾನಿ ಮೇಜು, ತೂಗುಮಂಚ: ಮೆಷಿನ್ ಹಾಕಿ ಉಜ್ಜಿಸಬೇಕಾ?

ಶರಾವತಿ_ಹಿನ್ನೀರು:

ಎಲ್ಲರಿಗೂ ನಮಸ್ಕಾರ.

ಹೊಸನಗರದ ಕಡೆಯ ನಮ್ಮ ಹಳೆ ಮನೆಯಿಂದ ಕೆಲವು ಸಾಗುವಾನಿ ಸಾಮಾನು ಬೆಂಗಳೂರಿನ ಫ್ಲ್ಯಾಟಿಗೆ ತಂದಿದ್ದೇವೆ. ಒಂದು ಬರೆಯುವ ಮೇಜು, ಎರಡು ಬೆತ್ತದ ಕುರ್ಚಿ, ಒಂದು ತೂಗುಮಂಚ. ನಮ್ಮ ಮೂಲ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮುಳುಗಿತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ ಅಜ್ಜ ಇವನ್ನೆಲ್ಲ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಮೇಲಿನ ಊರಿಗೆ ಬಂದರಂತೆ. ಮನೆ, ಗದ್ದೆ, ತೋಟ ಎಲ್ಲ ಹೋಯಿತು, ಇವು ಉಳಿದವು. ಹಾಗಾಗಿ ಇವುಗಳ ಮೇಲೆ ಕೈ ಹಾಕಿಸಲು ನನಗೆ ಸ್ವಲ್ಪ ಜಾಸ್ತಿಯೇ ಭಯ.

ಈಗಿನ ಸ್ಥಿತಿ ಹೀಗಿದೆ. ಅಪ್ಪ ಅಮ್ಮ ನಮ್ಮ ಜೊತೆ ಬಂದ ಮೇಲೆ ಊರ ಮನೆ ಮಳೆಗಾಲದಲ್ಲಿ ಮುಚ್ಚಿಯೇ ಇತ್ತು. ತೂಗುಮಂಚದ ಅಡಿಭಾಗಕ್ಕೆ ಬೂಸ್ಟು ಹಿಡಿದಿದೆ. ಮೇಲ್ಭಾಗ ಜಿಗುಟು ಜಿಗುಟಾಗಿದೆ, ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಅಪ್ಪ ಪ್ರತಿ ದೀಪಾವಳಿಗೆ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಸರಪಳಿಯ ಕೊಂಡಿ ಇರುವ ನಾಲ್ಕೂ ಮೂಲೆಯಲ್ಲಿ ಮರ ಕಪ್ಪಗಾಗಿದೆ. ಮೇಜಿನ ಮೇಲೆ ಕಾಫಿ ಲೋಟ ಇಟ್ಟ ಬಿಳಿ ಉಂಗುರಗಳಿವೆ. ಮೇಜಿನ ಡ್ರಾಯರ್ ಊರಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿತ್ತು, ಇಲ್ಲಿಗೆ ಬಂದ ಮೇಲೆ ಸಲೀಸಾಗಿ ಬರುತ್ತಿದೆ. ಒಂದು ಕುರ್ಚಿಯ ಹಿಂಗಾಲಿನಿಂದ ಸಣ್ಣ ಹಿಟ್ಟಿನಂಥ ಪುಡಿ ಉದುರುತ್ತಿದೆ.

ಪಾಲಿಶ್ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಬಂದು ನೋಡಿ, ಎಲ್ಲವನ್ನೂ ಮೆಷಿನ್‌ನಲ್ಲಿ ಬಿಳಿ ಮರ ಕಾಣುವವರೆಗೆ ಉಜ್ಜಿ, ಸೀಲರ್ ಹೊಡೆದು, ವಾಲ್‌ನಟ್ ಶೇಡ್ ಕೊಟ್ಟು, ಮೇಲೆ ಹೊಳೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕುತ್ತೇನೆ, ಹೊಸ ಅಂಗಡಿ ಸಾಮಾನಿನ ಹಾಗೆ ಆಗುತ್ತದೆ ಎಂದರು. ಕೆಲಸ ಮನೆಯ ಹಾಲ್‌ನಲ್ಲೇ ಮಾಡುತ್ತಾರಂತೆ. ಮಗನಿಗೆ ವೀಸಿಂಗ್ ಇದೆ, ಅದೊಂದು ಚಿಂತೆ.

ನಿಜವಾಗಿ ಇಷ್ಟೆಲ್ಲ ಮಾಡಿಸಬೇಕಾ? ನಾವೇ ಕೈಯಲ್ಲಿ ಮಾಡಬಹುದಾದದ್ದು ಏನಾದರೂ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

—

ಅರಗು_ಮೈಸೂರು:

ತಂಗಿ, ಮೊದಲು ಆ ಮೆಷಿನ್ ಬೇಡ ಎಂದು ಹೇಳಿಬಿಡಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ನಮ್ಮದು ಪಾಲಿಶ್ ಕೆಲಸದ ಮನೆ. ಅಪ್ಪ ಅರಗಿನ ಪಾಲಿಶ್ ಹಾಕುತ್ತಿದ್ದರು, ನಾನೂ ಅದನ್ನೇ ಕಲಿತೆ. ಹಳೆ ಸಾಮಾನು ಕೈಗೆ ಬಂದಾಗ ನಾನು ನೋಡುವುದು ಒಂದೇ: ಇದರ ಮೇಲೆ ಈಗ ಏನಿದೆ? ಅದು ಗೊತ್ತಾಗದೆ ಉಪ್ಪುಕಾಗದ ಮುಟ್ಟುವುದಿಲ್ಲ. ನಿಮ್ಮ ಮೇಸ್ತ್ರಿ ಆ ಪ್ರಶ್ನೆಯನ್ನೇ ಕೇಳಲಿಲ್ಲ ಅಲ್ವಾ? ಅಲ್ಲೇ ನನಗೆ ಅನುಮಾನ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೇಜಿನ ಅಂಚಿನ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ, ಹತ್ತಿಯನ್ನು ಅರಗು ಕರಗಿಸುವ ಆಲ್ಕೋಹಾಲ್, ಅಂದರೆ ಪಾಲಿಶ್ ಸ್ಪಿರಿಟ್‌ನಲ್ಲಿ ಅದ್ದಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿ ಅಂಟಂಟಾಗಿ, ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗು, ಅಂದರೆ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಇನ್ನೊಂದು ಹತ್ತಿಯಲ್ಲಿ ಎನ್‌ಸಿ ಥಿನ್ನರ್ (ಲ್ಯಾಕರ್ ಪಾಲಿಶ್ ಕರಗಿಸುವ ದ್ರವ) ಹಾಕಿ ನೋಡಿ. ಈಗ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್, ಮೆಲಮಿನ್ ಅಥವಾ ಪಿಯು. ಮೊದಲು ಸ್ಪಿರಿಟ್, ಆಮೇಲೆ ಥಿನ್ನರ್. ಈ ಕ್ರಮ ತಪ್ಪಿಸಬೇಡಿ, ಯಾಕೆಂದರೆ ಥಿನ್ನರ್ ಅರಗನ್ನೂ ಮೆತ್ತಗೆ ಮಾಡಬಹುದು, ಆಗ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

1964ಕ್ಕಿಂತ ಹಿಂದಿನ ಮಲೆನಾಡಿನ ಮೇಜು ಎಂದರೆ ಹೆಚ್ಚಾಗಿ ಅರಗೇ ಇರುತ್ತದೆ. ಬಿಳಿ ಉಂಗುರ ಬಂದಿರುವುದೂ ಅದನ್ನೇ ಹೇಳುತ್ತಿದೆ. ಅರಗಿನ ದೊಡ್ಡ ಗುಣ ಏನೆಂದರೆ, ಹಳೆಯ ಪದರದ ಮೇಲೆ ಹೊಸದು ಹಾಕಿದರೆ ಹೊಸದರ ಸ್ಪಿರಿಟ್ ಹಳೆಯದನ್ನು ಸ್ವಲ್ಪ ಕರಗಿಸಿ ಎರಡೂ ಒಂದಾಗಿಬಿಡುತ್ತವೆ. ಅರವತ್ತು ವರ್ಷದ ಹಿಂದೆ ಯಾರೋ ಹಾಕಿದ ಪಾಲಿಶ್ ಜೊತೆ ನೀವು ಇವತ್ತು ಹಾಕಿದ್ದು ಬೆರೆಯುತ್ತದೆ. ಪಿಯುನಲ್ಲಿ ಇದು ಆಗುವುದಿಲ್ಲ. ಅದು ಗಟ್ಟಿಯಾದ ಮೇಲೆ ಮುಗಿಯಿತು. ಒಂದು ಕಡೆ ಚಕ್ಕೆ ಎದ್ದರೆ ಇಡೀ ಹಲಗೆಯನ್ನೇ ಮತ್ತೆ ಉಜ್ಜಬೇಕು.

ಮೆಷಿನ್ ಯಾಕೆ ಬೇಡ ಎಂದೂ ಹೇಳುತ್ತೇನೆ. ತೇಗದ ಮೇಲ್ಮೈ ಬೆಳಕಿಗೆ, ಗಾಳಿಗೆ ಒಡ್ಡಿಕೊಂಡು ನಿಧಾನವಾಗಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಇರುವುದು ಮೇಲಿನ ತೆಳು ಪದರದಲ್ಲಿ. ಉಜ್ಜಿದ ಕೂಡಲೇ ಒಳಗಿನ ತೇಗ ಅಲ್ಲಲ್ಲಿ ಹಸಿರು ಛಾಯೆ, ಅಲ್ಲಲ್ಲಿ ಕಂದು, ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕೆಲವು ತಿಂಗಳು ಬೆಳಕಲ್ಲಿದ್ದರೆ ಅದೇ ಸರಿಹೋಗುತ್ತದೆ. ಆದರೆ ಮೇಸ್ತ್ರಿಗೆ ಅಷ್ಟು ಕಾಯಲು ಆಗುವುದಿಲ್ಲವಲ್ಲ, ಅದಕ್ಕೇ ವಾಲ್‌ನಟ್ ಶೇಡ್! ತೇಗಕ್ಕೆ ವಾಲ್‌ನಟ್ ಬಣ್ಣ ಯಾಕೆ ಬೇಕು ಹೇಳಿ. ಅಷ್ಟೇ ಅಲ್ಲ, ಬೆಲ್ಟ್ ಸ್ಯಾಂಡರ್ ಓಡಿಸಿದರೆ ಅಂಚುಗಳು ಸವೆದು ಗುಂಡಗಾಗುತ್ತವೆ. ಕೆತ್ತನೆ ಇದ್ದರೆ ಮಸುಕಾಗುತ್ತದೆ. ಆಚಾರ್ರು ಕೈಯಲ್ಲಿ ಉಜ್ಜುಗೊರಡು ಹಿಡಿದು ಮಾಡಿದ ಕೆಲಸ ಅದು. ಮೇಜನ್ನು ಓರೆ ಬೆಳಕಿಗೆ ಹಿಡಿದು ನೋಡಿ, ಗೊರಡು ಹೋದ ತೆಳು ಅಲೆಗಳು ಇನ್ನೂ ಕಾಣಬಹುದು. ತೇಗದಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ, ಇರುತ್ತದೆ. ಅದು ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಆ ಕಾಲದಲ್ಲಿ ಮತ್ತೆ ಮತ್ತೆ ಹರಿತ ಮಾಡಿಕೊಂಡು ಮಾಡಿದ ಮೈ ಅದು. ಸುಮ್ನೆ ಯಾಕೆ ಅಳಿಸಬೇಕು?

ಮಗನ ವೀಸಿಂಗ್ ವಿಷಯ ಬಹಳ ಮುಖ್ಯ. ತೇಗದ ಸಣ್ಣ ಧೂಳು ಕೆಲವರ ಚರ್ಮಕ್ಕೆ, ಉಸಿರಿಗೆ ಆಗುವುದಿಲ್ಲ. ಎರಡು ಭಾಗ ಬೆರೆಸುವ ಪಿಯುನ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಅದನ್ನು ಸ್ಪ್ರೇ ಮಾಡಿದರೆ ಆಸ್ತಮಾ ಇರುವವರಿಗೆ ಅಪಾಯ. ಮೆಲಮಿನ್ ಒಣಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಕಣ್ಣುರಿ ಬರುವುದು ಅದರಿಂದಲೇ. ಯಾವ ಪಾಲಿಶ್ ಹಾಕಿಸಿದರೂ ಮಗು ಇರುವ ಹಾಲ್‌ನಲ್ಲಿ ಬೇಡವೇ ಬೇಡ. ಅರಗಿನದ್ದೂ ಸೇರಿ. ಬಾಲ್ಕನಿ, ಟೆರೇಸ್, ಇಲ್ಲವೇ ಯಾರದಾದರೂ ಶೆಡ್ ನೋಡಿ.

ಈಗ ಕೆಲಸಕ್ಕೆ ಬರೋಣ. ಮೊದಲ ಹೆಜ್ಜೆ ಕೊಳೆ ತೆಗೆಯುವುದು. ಪಾಲಿಶ್ ಹೋಗಿದೆ ಎಂದು ಜನ ಅಂದುಕೊಳ್ಳುವ ಎಷ್ಟೋ ಸಾಮಾನಿನಲ್ಲಿ ಪಾಲಿಶ್ ಚೆನ್ನಾಗಿಯೇ ಇರುತ್ತದೆ, ಮೇಲೆ ಎಣ್ಣೆ, ಹೊಗೆ, ಕೈಬೆವರು ಕೂತಿರುತ್ತದೆ ಅಷ್ಟೆ. ಹಳೆ ಬನಿಯನ್ ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡು ಮರದ ಎಳೆಯ ಉದ್ದಕ್ಕೆ ಒರೆಸಿ. ಟರ್ಪೆಂಟೈನ್ ಎಣ್ಣೆ, ಮೇಣ ಎರಡನ್ನೂ ಬಿಡಿಸುತ್ತದೆ, ಗಟ್ಟಿಯಾದ ಅರಗನ್ನು ಕರಗಿಸುವುದಿಲ್ಲ. ಬಟ್ಟೆ ಕಪ್ಪಾದ ಹಾಗೆ ಬದಲಿಸಿ. ಕೊಳೆಯಾದ ಬಟ್ಟೆಯಲ್ಲೇ ತಿಕ್ಕಿದರೆ ಕೊಳೆ ಜಾಗ ಬದಲಿಸುತ್ತದೆ ಅಷ್ಟೆ. ಆಮೇಲೂ ಮಂಕಾಗಿ ಕಂಡರೆ ನೀರಿನಲ್ಲಿ ಎರಡು ಹನಿ ಮೃದುವಾದ ಪಾತ್ರೆ ಸೋಪು ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿಬಿಡಿ. ವಾಷಿಂಗ್ ಸೋಡಾ, ಬಟ್ಟೆ ಸೋಪು, ಅಮೋನಿಯಾ ಇರುವ ಗಾಜು ಒರೆಸುವ ಸ್ಪ್ರೇ ಬೇಡ. ಕ್ಷಾರ ಅರಗನ್ನು ತಿನ್ನುತ್ತದೆ.

ಕೊಬ್ಬರಿ ಎಣ್ಣೆಯ ಬಗ್ಗೆ. ನಿಮ್ಮ ತಂದೆಯವರು ಪ್ರೀತಿಯಿಂದ ಮಾಡಿದ ಕೆಲಸ, ಮಲೆನಾಡಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ. ಆದರೆ ಕೊಬ್ಬರಿ ಎಣ್ಣೆ ಒಣಗಿ ಪದರ ಕಟ್ಟುವ ಎಣ್ಣೆಯಲ್ಲ. ಎಷ್ಟು ವರ್ಷವಾದರೂ ಎಣ್ಣೆಯಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಬೇರೆ, ಅದು ಗಾಳಿ ಸೇರಿ ಗಟ್ಟಿಯಾಗುತ್ತದೆ. ಹಾಗಂತ ಮನೆಯೊಳಗಿನ ತೇಗಕ್ಕೆ ವರ್ಷ ವರ್ಷ ಎಣ್ಣೆ ಕುಡಿಸಲೇಬೇಕೆಂದೇನೂ ಇಲ್ಲ. ತೇಗದೊಳಗೆ ಅದರದ್ದೇ ಎಣ್ಣೆ ಇದೆ.

ಅಗಸೆ ಎಣ್ಣೆ ಬಳಸುವವರಿಗೆ ಒಂದು ಎಚ್ಚರಿಕೆ, ದಯವಿಟ್ಟು ಓದಿ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಕಡ್ಡಿ ಗೀರುವುದೂ ಬೇಡ. ಹೊರಗೆ ಹಗ್ಗದ ಮೇಲೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಆಮೇಲೆ ಎಸೆಯಿರಿ.

ಪರೀಕ್ಷೆ ಮಾಡಿ ಏನು ಬಂತೆಂದು ಬರೆಯಿರಿ. ಉಂಗುರ, ಕಪ್ಪು ಕಲೆಗಳ ಬಗ್ಗೆ ಆಮೇಲೆ ಹೇಳುತ್ತೇನೆ. ಪುಡಿ ಉದುರುವ ಕುರ್ಚಿಯನ್ನು ಮಾತ್ರ ಇವತ್ತೇ ಬೇರೆ ಕಡೆ ಇಡಿ.

—

ಹಳಿಯಾಳದ_ಕಡೆಯವ:

ಪುಡಿಯ ಬಗ್ಗೆ ನಾನು ಹೇಳಬಲ್ಲೆ. ನಮ್ಮದು ಹಳಿಯಾಳ, ದಾಂಡೇಲಿ ಕಡೆ. ಅರಣ್ಯ ಇಲಾಖೆಯ ಡಿಪೋದಲ್ಲಿ ಹರಾಜಿಗಿಟ್ಟ ಸಾಗುವಾನಿ ದಿಮ್ಮಿಗಳ ನಡುವೆಯೇ ಓಡಾಡಿಕೊಂಡು ಬೆಳೆದವನು ನಾನು.

ಸಾಗುವಾನಿಗೆ ಹುಳ ಹಿಡಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಚೇಗಿಗೆ ಮಾತ್ರ ಅನ್ವಯ. ದಿಮ್ಮಿಯ ಅಡ್ಡ ಕೊಯ್ತ ನೋಡಿದರೆ ಒಳಗೆ ಕಂದು ಬಣ್ಣದ ಚೇಗು, ಹೊರಗೆ ತೊಗಟೆಯ ಕೆಳಗೆ ಬಿಳಿಚಿದ ಮರದ ಒಂದು ಸುತ್ತು. ಆ ಬಿಳಿ ಭಾಗಕ್ಕೆ ಹುಳ ಹಿಡಿಯುತ್ತದೆ. ನಿಮ್ಮ ಕುರ್ಚಿಯ ಹಿಂಗಾಲಲ್ಲಿ ಒಂದು ಅಂಚಿಗೆ ಬಿಳಿ ಪಟ್ಟಿ ಸೇರಿಕೊಂಡಿರಬೇಕು. ಪಾಲಿಶ್ ಕೆಳಗೆ ಗೊತ್ತಾಗುವುದಿಲ್ಲ, ಕಾಲನ್ನು ಮಗುಚಿ ತಳ ನೋಡಿ.

ಹಿಟ್ಟಿನಷ್ಟು ನುಣ್ಣಗಿನ ಪುಡಿ, ಗುಂಡುಸೂಜಿಯಿಂದ ಚುಚ್ಚಿದಂಥ ತೂತು ಇದ್ದರೆ ಅದು ಕೊರೆಹುಳ. ಪುಡಿ ಸಣ್ಣ ಸಣ್ಣ ಕಾಳಿನ ಹಾಗಿದ್ದರೆ ಒಣ ಮರದ ಗೆದ್ದಲು. ಮಣ್ಣಿನ ಗೂಡು ಕಂಡರೆ ನೆಲದ ಗೆದ್ದಲು, ನಿಮ್ಮಲ್ಲಿ ಒರಲೆ ಅನ್ನುತ್ತೀರಲ್ಲ ಅದು. ನೀವು ಬರೆದದ್ದು ನೋಡಿದರೆ ಕೊರೆಹುಳವೇ ಅನಿಸುತ್ತದೆ.

ಹುಳ ಈಗಲೂ ಇದೆಯೋ ಎಂದೋ ಬಿಟ್ಟು ಹೋಗಿದೆಯೋ ಮೊದಲು ನೋಡಿಕೊಳ್ಳಿ. ಪುಡಿ ಪೂರ್ತಿ ಗುಡಿಸಿ, ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಅಲ್ಲಾಡಿಸದೆ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಜೀವಂತ ಇದೆ. ಆಗ ಹಾರ್ಡ್‌ವೇರ್ ಅಂಗಡಿಯ ಮರದ ಹುಳದ ಔಷಧಿ ತಂದು, ಸಿರಿಂಜಿನಲ್ಲಿ ತೂತಿನೊಳಗೆ ಬಿಡಿ. ಗ್ಲೌಸ್ ಹಾಕಿಕೊಳ್ಳಿ, ಕಣ್ಣು ಜೋಪಾನ, ಒಂದು ತೂತಿಗೆ ಬಿಟ್ಟದ್ದು ಇನ್ನೊಂದರಿಂದ ಚಿಮ್ಮುತ್ತದೆ. ಮಗು ಇರುವ ಕೋಣೆಯಲ್ಲಿ ಬೇಡ. ಕೆಲವು ದಿನ ಬಿಟ್ಟು ಮತ್ತೆ ನೋಡಿ, ಪುಡಿ ಬರುತ್ತಿದ್ದರೆ ಇನ್ನೊಮ್ಮೆ ಬಿಡಿ. ಔಷಧಿ ಪೂರ್ತಿ ಆರಿದ ಮೇಲೆ ತೂತಿಗೆ ಮೇಣ ತುಂಬಿ, ಆಮೇಲೆ ಪಾಲಿಶ್. ಈ ಹುಳ ಮೊಟ್ಟೆ ಇಡುವುದು ಬರಿ ಮರದ ಸಣ್ಣ ರಂಧ್ರಗಳಲ್ಲಿ. ಪಾಲಿಶ್ ಮುಚ್ಚಿದ ಜಾಗ ಅದಕ್ಕೆ ಬೇಡ. ಅದಕ್ಕೇ ಕುರ್ಚಿಯ ಅಡಿ, ಕಾಲಿನ ತಳ, ಮೇಜಿನ ಒಳಮೈ ಎಲ್ಲಕ್ಕೂ ಒಂದು ಕೈ ಪಾಲಿಶ್ ಹಾಕಿಸಿ. ಯಾರೂ ನೋಡದ ಜಾಗ ಎಂದು ಬಿಡುವುದು ಅಲ್ಲೇ.

ಕಾಲು ಬದಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹುಳ ಚೇಗಿನೊಳಗೆ ಹೋಗುವುದಿಲ್ಲ, ಬಲ ಹಾಗೇ ಇರುತ್ತದೆ. ಬ್ರಿಟಿಷರು 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ತೋಟ ಮಾಡಿದ್ದೇ ಹಡಗಿನ ಮರ ಬೇಕೆಂದು. ಮಲಬಾರಿನ ತೇಗದಲ್ಲಿ ಮುಂಬೈಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ನಿಮ್ಮ ಕುರ್ಚಿಯ ಕಾಲು ಇನ್ನೂ ಎರಡು ತಲೆಮಾರು ಬರುತ್ತದೆ.

—

ಹುಬ್ಬಳ್ಳಿ_ಅಡುಗೆಮನೆ:

ಅರಗಿನ ಪಾಲಿಶ್ ಹೊಗಳುವವರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ಸಾಗುವಾನಿ ಊಟದ ಟೇಬಲ್ ಇದೆ. ಇಬ್ಬರು ಸಣ್ಣ ಮಕ್ಕಳು. ಪಿಯು ಮ್ಯಾಟ್ ಹಾಕಿಸಿದ್ದೇವೆ. ಬಿಸಿ ಪಾತ್ರೆ, ಮಜ್ಜಿಗೆ, ಅರಿಸಿನ, ಬಣ್ಣದ ನೀರು ಎಲ್ಲ ಬಿದ್ದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಅರಗಿನ ಪಾಲಿಶ್ ಇದ್ದಿದ್ದರೆ ದಿನಾ ಅಳಬೇಕಿತ್ತು. ಕೆಲಸ ಮಾತ್ರ ಮೇಸ್ತ್ರಿಯ ಶೆಡ್ಡಿನಲ್ಲೇ ಮಾಡಿಸಿ, ವಾಸನೆ ಹೋದ ಮೇಲೆ ಮನೆಗೆ ತಂದೆವು.

—

ಅರಗು_ಮೈಸೂರು:

ಅಕ್ಕಾ, ನೀವು ಹೇಳಿದ್ದು ಸರಿ. ಊಟದ ಟೇಬಲ್ಲಿಗೆ ನಾನೂ ಅರಗು ಹಾಕುವುದಿಲ್ಲ. ಬಿಸಿ ತಪ್ಪಲೆ ಇಟ್ಟರೆ ಮೆತ್ತಗಾಗುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ. ಆಮೇಲೆ ಸ್ಯಾನಿಟೈಸರ್! ಅದರಲ್ಲಿರುವುದು ಆಲ್ಕೋಹಾಲ್, ಅಂದರೆ ಅರಗು ಕರಗಿಸುವ ವಸ್ತುವೇ. 2020ರಿಂದ ಈಚೆಗೆ ನನ್ನ ಹತ್ತಿರ ಬಂದ ಎಷ್ಟೋ ಹಳೆ ಮೇಜುಗಳಲ್ಲಿ ಬಾಟಲಿ ಇಟ್ಟ ಗುರುತು ಚಕ್ರದ ಹಾಗೆ ಕೂತಿತ್ತು. ಸೆಂಟ್ ಬಾಟಲಿಯೂ ಅದೇ ಕೆಲಸ ಮಾಡುತ್ತದೆ.

ಹೊಸ ಮರ, ದಿನಾ ನೀರು ಬೀಳುವ ಜಾಗ ಇದ್ದರೆ ಪಿಯು ಹಾಕಿಸಿ. ಹಳೆಯ ಬರೆಯುವ ಮೇಜು, ಕುರ್ಚಿ, ಮಂಚಕ್ಕೆ ಬೇಡ. ನನ್ನ ವಾದ ಅಷ್ಟೇ.

—

ಶರಾವತಿ_ಹಿನ್ನೀರು:

ಅಣ್ಣಾ, ಹಳಿಯಾಳದವರೇ, ತುಂಬಾ ಧನ್ಯವಾದ. ಮೇಸ್ತ್ರಿಗೆ ಬೇಡ ಎಂದು ಹೇಳಿದೆವು.

ಪರೀಕ್ಷೆ ಮಾಡಿದೆವು. ಮೇಜು, ಕುರ್ಚಿ ಎರಡರಲ್ಲೂ ಸ್ಪಿರಿಟ್‌ಗೆ ಅಂಟು ಬಂತು, ಹತ್ತಿ ಕಂದಾಯಿತು. ತೂಗುಮಂಚದಲ್ಲಿ ಎಣ್ಣೆ ಕೊಳೆ ಬಿಟ್ಟರೆ ಏನೂ ಬರಲಿಲ್ಲ. ಅಪ್ಪನನ್ನು ಕೇಳಿದರೆ ಅದಕ್ಕೆ ಯಾವತ್ತೂ ಪಾಲಿಶ್ ಹಾಕಿಲ್ಲ, ಬರಿ ಎಣ್ಣೆ ಎಂದರು. ಟರ್ಪೆಂಟೈನ್‌ನಲ್ಲಿ ಮೇಜಿನ ಕಾಲು ಒರೆಸಿದೆ. ಕಪ್ಪು ಎಂದುಕೊಂಡಿದ್ದು ಕಪ್ಪೇ ಅಲ್ಲ, ಒಳಗೆ ಕೆಂಪು ಹೊಂಬಣ್ಣ ಇದೆ. ಅಮ್ಮ ಬಂದು ನೋಡಿ, ನಾನು ಮದುವೆಯಾಗಿ ಬಂದಾಗ ಹೀಗೇ ಇತ್ತು ಎಂದರು.

ಕುರ್ಚಿಯ ಕೆಳಗೆ ಕಪ್ಪು ಕಾಗದ ಹಾಸಿದ್ದೇವೆ. ಹೊಸ ಪುಡಿ ಬಿದ್ದಿದೆ, ಔಷಧಿ ತರಿಸುತ್ತಿದ್ದೇವೆ.

ಈಗ ಉಂಗುರ, ಸರಪಳಿಯ ಕಪ್ಪು ಕಲೆ, ಬೂಸ್ಟು. ಜೊತೆಗೆ ಬೆತ್ತ ಸ್ವಲ್ಪ ಜೋತುಬಿದ್ದಿದೆ, ಹೊಸದಾಗಿ ಹೆಣೆಸಬೇಕಾ?

—

ಅರಗು_ಮೈಸೂರು:

ಬಹಳ ಸಂತೋಷ ಆಯಿತು, ತಂಗಿ. ಅಮ್ಮನ ಮಾತು ಓದಿ ಇನ್ನೂ ಸಂತೋಷ.

ಮೊದಲು ಉಂಗುರ. ಅರಗಿನ ಮೇಲಿನ ಪದರದಲ್ಲಿ ತೇವ ಸಿಕ್ಕಿಕೊಂಡು ಬೆಳ್ಳಗಾಗಿದೆ. ಮರಕ್ಕೆ ಏನೂ ಆಗಿಲ್ಲ. ಮೇಜನ್ನು ಫ್ಯಾನ್ ಕೆಳಗೆ ಕೆಲವು ದಿನ ಸುಮ್ಮನೆ ಬಿಡಿ, ತೆಳುವಾದ ಉಂಗುರ ತಾನೇ ಹೋಗಬಹುದು. ಉಳಿದದ್ದಕ್ಕೆ ಸ್ಪಿರಿಟ್. ಹತ್ತಿಯನ್ನು ಹಳೆ ಪಂಚೆಯ ಮೆತ್ತನೆ ತುಂಡಿನಲ್ಲಿ ಸುತ್ತಿ ಗಂಟು ಮಾಡಿ. ಅದಕ್ಕೆ ಸ್ಪಿರಿಟ್ ಹನಿಸಿ, ಅಂಗೈ ಮೇಲೆ ಒತ್ತಿ ನೋಡಿ. ತಣ್ಣಗೆ ಅನಿಸಬೇಕು, ಒದ್ದೆಯಾಗಬಾರದು. ಆ ಗಂಟನ್ನು ಉಂಗುರದ ಮೇಲೆ ಬೇಗ ಬೇಗ ಹಾಯಿಸಿ. ಚಲಿಸುತ್ತಲೇ ಇಳಿಸಿ, ಚಲಿಸುತ್ತಲೇ ಎತ್ತಿ. ಒಂದು ಕ್ಷಣ ನಿಂತರೂ ಬಟ್ಟೆ ಅಂಟಿಕೊಂಡು ಗುರುತು ಬೀಳುತ್ತದೆ. ಮೊದಲು ಮೇಜಿನ ಹಿಂಬದಿಯಲ್ಲಿ ಕೈ ಪಳಗಿಸಿಕೊಳ್ಳಿ.

ಆಮೇಲೆ ಹೊಸ ಅರಗು. ಅಂಗಡಿಯ ಸಿದ್ಧ ಫ್ರೆಂಚ್ ಪಾಲಿಶ್ ಎಷ್ಟು ಹಳೆಯದೋ ಗೊತ್ತಾಗುವುದಿಲ್ಲ, ಹಳೆಯದಾದರೆ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಅರಗಿನ ಚಕ್ಕೆ ತಂದು ನೀವೇ ಮಾಡಿ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ. ನಿಮ್ಮ ಕೆಲಸಕ್ಕೆ ಅರ್ಧ ಲೀಟರ್ ಸಾಕು. ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಿ, ಆಗಾಗ ಅಲ್ಲಾಡಿಸಿ, ಮಾರನೇ ದಿನಕ್ಕೆ ಕರಗಿರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬದಲ್ಲಿ ಇಡಬೇಡಿ, ಅರಗು ಕಪ್ಪಾಗುತ್ತದೆ. ಸ್ಪಿರಿಟ್ ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ದೇವರ ದೀಪದಿಂದ ದೂರ, ಮಗುವಿನ ಕೈಗೆ ಸಿಗದ ಕಡೆ ಇಡಿ. ಬಾಟಲಿ ಮೇಲೆ ಹೆಸರು, ತಾರೀಖು ಬರೆಯಿರಿ.

ನಮ್ಮ ಮೈಸೂರಿಗೂ ಅರಗಿಗೂ ಹಳೆ ನಂಟು. ಚುನಾವಣೆಯ ಶಾಯಿ ಮಾಡುತ್ತದಲ್ಲ, ಆ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಎಂದರೆ ಅರಗೇ. ಚನ್ನಪಟ್ಟಣದ ಬೊಂಬೆಯ ಹೊಳಪೂ ಅರಗಿನದ್ದೇ. ಇಷ್ಟು ಹತ್ತಿರ ಇರುವ ವಸ್ತುವನ್ನು ಬಿಟ್ಟು ಎಲ್ಲದಕ್ಕೂ ಪ್ಲಾಸ್ಟಿಕ್‌ನಂಥ ಹೊಳಪು ಹಾಕುತ್ತಿದ್ದೇವೆ ಎಂದು ನನಗೆ ನಿಜವಾಗಿಯೂ ಬೇಸರ ಇದೆ.

ಹಾಕುವ ಮೊದಲು 320 ನಂಬರಿನ ಉಪ್ಪುಕಾಗದವನ್ನು ಕೈಯಲ್ಲಿ ಹಿಡಿದು ಹಗುರವಾಗಿ ಒಮ್ಮೆ ಸವರಿ, ಧೂಳು ಒರೆಸಿ. ಮರ ಕಾಣುವಷ್ಟು ಉಜ್ಜಬೇಡಿ. ಅದೇ ಥರದ ಗಂಟಿನಲ್ಲಿ ಅರಗು ತೆಗೆದುಕೊಂಡು ಎಳೆಯ ಉದ್ದಕ್ಕೆ ತೆಳುವಾಗಿ ಎಳೆಯಿರಿ. ಗಂಟು ಹಿಡಿದುಕೊಳ್ಳುತ್ತಿದೆ ಅನಿಸಿದರೆ ತಳಕ್ಕೆ ಒಂದೇ ಹನಿ ಅಗಸೆ ಎಣ್ಣೆ ಮುಟ್ಟಿಸಿ. ತೆಳು ಪದರ, ಆರಲು ಬಿಡುವುದು, ಮತ್ತೆ ತೆಳು ಪದರ. ಹೊಳಪು ಸಾಕು ಅನಿಸಿದಾಗ ನಿಲ್ಲಿಸಿ. ಮಳೆ ಹನಿಯುವ ದಿನ ಮಾತ್ರ ಮಾಡಬೇಡಿ. ಗಾಳಿಯ ತೇವಕ್ಕೆ ಇಡೀ ಮೇಜು ಬಿಳಿ ಮಬ್ಬಾಗುತ್ತದೆ. ಬೆಂಗಳೂರಲ್ಲಿ ಫೆಬ್ರುವರಿ, ಮಾರ್ಚ್ ಬಹಳ ಒಳ್ಳೆಯ ಕಾಲ.

ತೂಗುಮಂಚದ ಕೆಲಸ ಜಾಸ್ತಿ. ಬೂಸ್ಟನ್ನು ಮನೆಯೊಳಗೆ ಕೊಡವಬೇಡಿ. ಟೆರೇಸಿಗೆ ಒಯ್ದು, ಮಾಸ್ಕ್ ಹಾಕಿಕೊಂಡು, ಒಣ ಬ್ರಷ್‌ನಲ್ಲಿ ತೆಗೆಯಿರಿ. ಅದಕ್ಕೆ ಪಾಲಿಶ್ ಇಲ್ಲದ ಕಾರಣ ಸ್ಪಿರಿಟ್‌ನಲ್ಲಿ ಧಾರಾಳವಾಗಿ ಒರೆಸಬಹುದು. ನೆರಳಲ್ಲಿ ಗಾಳಿಗೆ ಒಣಗಿಸಿ. ಉರಿಬಿಸಿಲಿಗೆ ಇಟ್ಟರೆ ಒಂದು ಮೈ ಬೇಗ ಒಣಗಿ ಹಲಗೆ ಬಾಗುತ್ತದೆ. ಮೇಲ್ಭಾಗದ ಎಣ್ಣೆ ಕೊಳೆಗೆ ಟರ್ಪೆಂಟೈನ್, ಹೋಗದ ಕಡೆ ಗಾಜಿನ ಚೂರಿನ ನೇರ ಅಂಚಿನಿಂದ ಎಳೆಯ ಉದ್ದಕ್ಕೆ ಹೆರೆಯಿರಿ. ನಮ್ಮ ಕಡೆಯ ಆಚಾರ್ರು ಇವತ್ತಿಗೂ ಹೀಗೇ ಹೆರೆಯುತ್ತಾರೆ. ಹಿಡಿಯುವ ಕಡೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಕೈ ಅಭ್ಯಾಸ ಇಲ್ಲದಿದ್ದರೆ ಸ್ಟೀಲ್ ಸ್ಕ್ರೇಪರ್ ತನ್ನಿ.

ಸರಪಳಿಯ ಹತ್ತಿರದ ಕಪ್ಪು, ಕಬ್ಬಿಣ ಮತ್ತು ತೇವ ಸೇರಿ ಮರದೊಳಗೆ ಇಳಿದ ಕಲೆ. ಉಜ್ಜಿದರೆ ಹೋಗುವುದಿಲ್ಲ, ಹಳ್ಳ ಬೀಳುತ್ತದೆ ಅಷ್ಟೆ. ಅದಕ್ಕೆ ಆಕ್ಸಾಲಿಕ್ ಆಸಿಡ್. ಬಿಳಿ ಹರಳು, ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ವಿಷ, ಆದ್ದರಿಂದ ಗ್ಲೌಸ್, ಕನ್ನಡಕ, ಮಾಸ್ಕ್ ಮೂರೂ ಬೇಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂನಷ್ಟು ಕರಗಿಸಿ. ಕೊಂಡಿ ಬಿಚ್ಚಿ, ಎಣ್ಣೆ ಪೂರ್ತಿ ತೆಗೆದ ಮೇಲೆ ಬ್ರಷ್‌ನಲ್ಲಿ ಹಚ್ಚಿ. ಎಣ್ಣೆ ಉಳಿದಿದ್ದರೆ ನೀರು ಒಳಗಿಳಿಯುವುದಿಲ್ಲ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿ ಮಚ್ಚೆ ಕಾಣುತ್ತದೆ, ಇಡೀ ಹಲಗೆಗೆ ಹಚ್ಚುವುದು ವಾಸಿ. ಕಪ್ಪು ತಿಳಿಯಾಗುತ್ತಾ ಬಂದ ಮೇಲೆ ಶುದ್ಧ ನೀರಲ್ಲಿ ಹಲವು ಸಲ ಒರೆಸಿ ತೆಗೆಯಿರಿ. ಚೆನ್ನಾಗಿ ತೊಳೆಯದೆ ಒಣಗಿದ ಮೇಲೆ ಉಜ್ಜಬೇಡಿ, ಆ ಪುಡಿ ಮೂಗಿಗೆ ಹೋದರೆ ಸುಡುತ್ತದೆ. ಕೊಂಡಿ ಮತ್ತೆ ಹಾಕುವಾಗ ನಡುವೆ ಹಿತ್ತಾಳೆ ವಾಷರ್ ಅಥವಾ ಚರ್ಮದ ತುಂಡು ಕೊಟ್ಟರೆ ಮತ್ತೆ ಕಪ್ಪಾಗುವುದು ಕಡಿಮೆ. ಕೊಂಡಿ ತುಕ್ಕು ತಿಂದು ತೆಳುವಾಗಿದ್ದರೆ ಹೊಸದು ಹಾಕಿಸಿ. ಮಕ್ಕಳು ತೂಗುತ್ತಾರೆ, ಅದರಲ್ಲಿ ಉಳಿತಾಯ ಬೇಡ.

ಪೂರ್ತಿ ಒಣಗಿದ ಮೇಲೆ 220, ಆಮೇಲೆ 320 ಕಾಗದ ಕೈಯಲ್ಲೇ ಆಡಿಸಿ. ಪಾಲಿಶ್ ಹಾಕುವ ಸ್ವಲ್ಪ ಮೊದಲು ಸ್ಪಿರಿಟ್‌ನಲ್ಲಿ ಒಮ್ಮೆ ಒರೆಸಿ, ತೇಗದ ಸ್ವಂತ ಎಣ್ಣೆ ಮೇಲೆ ಬಂದಿದ್ದರೆ ಹೋಗುತ್ತದೆ. ಎಷ್ಟೋ ಪಾಲಿಶ್‌ಗಳು ತೇಗಕ್ಕೆ ಹಿಡಿಯದಿರುವುದು ಆ ಎಣ್ಣೆಯಿಂದ. ಅರಗು ಚೆನ್ನಾಗಿ ಹಿಡಿಯುತ್ತದೆ. ಎರಡು ಮೂರು ಕೈ ಅರಗು, ಅದರ ಮೇಲೆ ಜೇನುಮೇಣ. ಮೇಣವನ್ನು ತುರಿದು, ಅದರ ನಾಲ್ಕರಷ್ಟು ಟರ್ಪೆಂಟೈನ್ ಹಾಕಿ ಮುಚ್ಚಳದ ಬಾಟಲಿಯಲ್ಲಿ ಒಂದೆರಡು ದಿನ ಬಿಟ್ಟರೆ ಮೆತ್ತಗಾಗುತ್ತದೆ. ಒಲೆಯ ಮೇಲೆ ಇಡಬೇಡಿ. ತೆಳುವಾಗಿ ಸವರಿ, ಆರಿದ ಮೇಲೆ ಒಣ ಬಟ್ಟೆಯಲ್ಲಿ ತಿಕ್ಕಿ. ಅಪ್ಪನಿಗೆ ದೀಪಾವಳಿಯ ಕೆಲಸ ತಪ್ಪಿಸಬೇಡಿ, ಕೊಬ್ಬರಿ ಎಣ್ಣೆ ಬದಲು ಈ ಮೇಣದ ಬಾಟಲಿ ಕೈಗೆ ಕೊಡಿ.

ಬೆತ್ತ ಒಡೆದಿಲ್ಲ ತಾನೇ? ಹಾಗಾದರೆ ಹೆಣೆಸುವುದು ಬೇಡ. ಕುರ್ಚಿ ಮಗುಚಿ, ಅಡಿಯಿಂದ ಬೆತ್ತಕ್ಕೆ ಮಾತ್ರ ಬಿಸಿನೀರಿನ ಬಟ್ಟೆ ಒತ್ತಿ ನೆನೆಸಿ, ರಾತ್ರಿಯಿಡೀ ಆರಲು ಬಿಡಿ. ಒಣಗುವಾಗ ಬಿಗಿಯಾಗುತ್ತದೆ. ಮರದ ಚೌಕಟ್ಟಿಗೆ ನೀರು ತಾಗದಂತೆ ಒರೆಸಿಕೊಳ್ಳಿ.

ಡ್ರಾಯರ್ ಸುದ್ದಿಗೆ ಹೋಗಬೇಡಿ. ಮಲೆನಾಡಿನ ತೇವಕ್ಕೆ ಉಬ್ಬಿತ್ತು, ಇಲ್ಲಿಯ ಒಣ ಹವೆಗೆ ಕುಗ್ಗಿದೆ. ಮಳೆಗಾಲದಲ್ಲಿ ಮತ್ತೆ ಬಿಗಿಯಾದರೂ ಗೊರಡು ಹಾಕಿಸದೆ, ಜಾರುವ ಪಟ್ಟಿಗೆ ಮೇಣದಬತ್ತಿ ತಿಕ್ಕಿ. ಮೇಜನ್ನು ಎಸಿಯ ಗಾಳಿ ನೇರ ಬಡಿಯುವ ಕಡೆ ಇಡಬೇಡಿ.

—

ಶರಾವತಿ_ಹಿನ್ನೀರು:

ಅಣ್ಣಾ, ಇದನ್ನು ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ. ಸ್ಪಿರಿಟ್ ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತಿಲ್ಲ. ಪರೀಕ್ಷೆಗೆ ಪಕ್ಕದ ಮನೆಯವರ ಹತ್ತಿರ ಸ್ವಲ್ಪ ಇಸಕೊಂಡಿದ್ದೆ. ಸ್ಯಾನಿಟೈಸರ್‌ನಲ್ಲೂ ಅದೇ ಇದೆ ಎಂದಿರಲ್ಲ, ಅದನ್ನೇ ಬಳಸಬಹುದಾ?

—

ಅರಗು_ಮೈಸೂರು:

ಬೇಡ. ಅದರಲ್ಲಿ ನೀರಿನ ಪಾಲು ಬಹಳ, ಅರಗು ಸರಿಯಾಗಿ ಕರಗುವುದಿಲ್ಲ, ಮೇಜು ಬೆಳ್ಳಗಾಗುತ್ತದೆ. ಪೇಂಟ್ ಅಂಗಡಿಯಲ್ಲಿ ಪಾಲಿಶ್ ಸ್ಪಿರಿಟ್ ಎಂದು ಕೇಳಿ. ಸಿಗದಿದ್ದರೆ ಕೆಮಿಕಲ್ ಅಂಗಡಿಯಲ್ಲಿ 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ. ಅರಗು ಕರಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಕೆಲಸ ಆಗುತ್ತದೆ. ಯಾವುದೇ ತಂದರೂ ಮೊದಲು ಒಂದು ಗಾಜಿನ ಮೇಲೆ ಒಂದು ಹನಿ ಅರಗು ಬಿಟ್ಟು ನೋಡಿ. ಮಾರನೇ ದಿನ ಉಗುರು ಒತ್ತಿದರೆ ಗಟ್ಟಿಯಾಗಿ, ತಿಳಿಯಾಗಿ ಇರಬೇಕು. ಅಂಟುತ್ತಿದ್ದರೆ ಅಥವಾ ಮಬ್ಬಾಗಿದ್ದರೆ ಮೇಜಿಗೆ ಹಾಕಬೇಡಿ.